ಚಿಕ್ಕಪ್ಪನ ಟ್ರಂಕಿನ ತುಂಬ ಬೇಸ್‌ಬಾಲ್ ಕಾರ್ಡು: ರದ್ದಿಗೆ ಹಾಕುವುದಾ, ಇಟ್ಟುಕೊಳ್ಳುವುದಾ?

ಮಾಟುಂಗಾದ ಮಗಳು:

ನಮಸ್ಕಾರ. ಕ್ರಿಕೆಟ್ ಒಂದು ಬಿಟ್ಟು ಬೇರೆ ಆಟದ ಗಂಧಗಾಳಿ ಇಲ್ಲದ ಮನೆ ನಮ್ಮದು. ಪ್ರಶ್ನೆ ಪೆದ್ದುಪೆದ್ದಾಗಿ ಕಂಡರೆ ನಕ್ಕುಬಿಡಿ, ಆದರೆ ಉತ್ತರ ಕೊಡಿ. ತಿಂಗಳ ಕೊನೆಯೊಳಗೆ ಬೇಕು.

ಕಿಂಗ್ಸ್ ಸರ್ಕಲ್ ಹತ್ತಿರ ಇರುವ ಚಿಕ್ಕಪ್ಪನ ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಹೋಗ್ತಾ ಉಂಟು. ಚಿಕ್ಕಪ್ಪ ತೀರಿಹೋಗಿ ನಾಲ್ಕು ವರ್ಷ, ಈಗ ಚಿಕ್ಕಮ್ಮ ಒಬ್ಬರೇ. ಬಾಡಿಗೆಗೆ ಸಿಕ್ಕಿದ ಮನೆಯಲ್ಲಿ ಮಾಳಾ, ಅಂದರೆ ಅಟ್ಟ, ಇಲ್ಲ. ಹಾಗಾಗಿ ಕಳೆದ ಭಾನುವಾರ ನಾನೂ ಮಗನೂ ಹೋಗಿ ಇಲ್ಲಿನ ಮಾಳಾ ಖಾಲಿ ಮಾಡಿದೆವು. ತಾಮ್ರದ ಹಂಡೆ, ಹಲಸಿನ ಹಪ್ಪಳ ಒತ್ತುವ ಮಣೆ, ಎರಡು ಸೀಲಿಂಗ್ ಫ್ಯಾನಿನ ರೆಕ್ಕೆ, ಎಲ್ಲದರ ಹಿಂದೆ ಚಿಕ್ಕಪ್ಪನ ಕಪ್ಪು ತಗಡಿನ ಟ್ರಂಕು. ಊರಿನ ಪಾತ್ರೆ ಇರಬೇಕು ಅಂತ ತೆರೆದರೆ ನುಸಿಗುಳಿಗೆಯ ವಾಸನೆ, ಅದರ ಕೆಳಗೆ ಬರೀ ಕಾರ್ಡು, ಒಂದೊಂದರಲ್ಲೂ ಒಬ್ಬ ಬೇಸ್‌ಬಾಲ್ ಆಟಗಾರನ ಚಿತ್ರ. ಆರು ಸಾವಿರಕ್ಕೆ ಕಮ್ಮಿ ಇಲ್ಲ.

ಚಿಕ್ಕಪ್ಪ ಹಡಗಿನಲ್ಲಿ ಅಡುಗೆಯವರು. 1987ರಿಂದ 1991ರವರೆಗೆ ಅವರ ಹಡಗು ಬಾಲ್ಟಿಮೋರ್, ನ್ಯೂವಾರ್ಕ್ ಕಡೆ ಹೋಗ್ತಿತ್ತು. ಬರುವಾಗ ನಮಗೆ ಚಾಕಲೇಟು, ಚಿಕ್ಕಮ್ಮನಿಗೆ ಸೆಂಟಿನ ಬಾಟಲಿ, ತನಗೆ ಈ ಡಬ್ಬಗಳು. ಬಂದರಿನಲ್ಲಿ ಯಾರೋ ಅವರಿಗೆ ಹೇಳಿದ್ದಂತೆ, ‘ಇದು ಶೇರಿನ ಹಾಗೆ, ಇಪ್ಪತ್ತು ವರ್ಷ ಮುಟ್ಟಬೇಡ.’ ಮೂವತ್ತೈದು ವರ್ಷ ಮುಟ್ಟಲಿಲ್ಲ, ಪುಣ್ಯಾತ್ಮ!

ಕೆಲವಕ್ಕೆ ಮರದ ಹಲಗೆಯಂಥ ಕಂದು ಅಂಚು. ಕೆಲವಕ್ಕೆ ನೀಲಿ-ಕಪ್ಪು ಅಂಚು. ಇನ್ನು ಕೆಲವು ಬಿಳಿ, ಅದರಲ್ಲಿ ಆಟಗಾರನ ತಲೆ ಮೇಲಿನ ಅಕ್ಷರವನ್ನು ಮುಚ್ಚುತ್ತದೆ. ನೂರು ನೂರರ ಕಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿದ್ದಾರೆ, ಅದೆಲ್ಲ ಕರಗಿ ಬೆಲ್ಲದ ಪಾಕದ ಹಾಗೆ ಅಂಟಿಕೊಂಡಿದೆ. ಒಂದು ಕಟ್ಟಿನಲ್ಲಿ ಕಾರ್ಡೇ ಅಲ್ಲ, ಯಾರದೋ ಮುಖವನ್ನು ಕತ್ತರಿಸಿದ ತುಂಡುಗಳು: ಒಂದರಲ್ಲಿ ಕಿವಿ, ಒಂದರಲ್ಲಿ ಟೊಪ್ಪಿಯ ಅಂಚು. ಅದೆಂತದು ಅಂತ ಗೊತ್ತಾಗಲಿಲ್ಲ.

ಜೊತೆಗೊಂದು ಉದ್ದದ ಲೆಕ್ಕದ ಪುಸ್ತಕ ಉಂಟು. ಚಿಕ್ಕಪ್ಪನ ಗುಂಡುಗುಂಡು ಕನ್ನಡದಲ್ಲಿ, ‘88 ಟಾಪ್ಸ್, 1 ಡಬ್ಬ, 36 ಪ್ಯಾಕು, 14.40 ಡಾ.’ ಅಂತ ಸಾಲುಸಾಲು. ಒಂದು ಕಡೆ ಕೆಂಪು ಪೆನ್ನಿನಲ್ಲಿ, ‘ಗ್ರಿಫಿ 1 ನಂ. ಜೋಪಾನ.’

ರದ್ದಿಯವ ಬಂದು ಒಂದು ಕಟ್ಟು ಎತ್ತಿ ನೋಡಿ, ಇದು ಪೇಪರ್ ಅಲ್ಲ ಪುಠ್ಠಾ, ಕಿಲೋಗೆ ಎಂಟು ರೂಪಾಯಿ ಅಂದ. ಎಲ್ಲ ಸೇರಿ ಹನ್ನೊಂದು ಕಿಲೋ. ಅಷ್ಟರಲ್ಲಿ ಒಂಬತ್ತನೇ ಕ್ಲಾಸಿನ ನನ್ನ ಮಗ ಮೊಬೈಲಿನಲ್ಲಿ ಎಂತದೋ ಓದಿ, ‘ಅಮ್ಮಾ, ಒಂದು ಕಾರ್ಡಿಗೆ ನೂರು ಕೋಟಿ!’ ಅಂತ ಕೂಗಿದ. ರದ್ದಿಯವನನ್ನು ಚಾ ಕುಡಿಸಿ ಕಳಿಸಿದೆವು. ಎಂಬತ್ತೆಂಟು ರೂಪಾಯಿಗೂ ನೂರು ಕೋಟಿಗೂ ನಡುವೆ ನಾವು ಎಲ್ಲಿದ್ದೇವೆ ಅಂತ ಯಾರಾದರೂ ಹೇಳ್ತೀರಾ?

ಡೊಂಬಿವಲಿ ಫಾಸ್ಟ್:

ಎಂಬತ್ತೆಂಟರ ಹತ್ತಿರ, ಅಕ್ಕ. ಚಾ ಖರ್ಚು ಕಳೆದರೆ ಎಪ್ಪತ್ತು.

ಎಡಿಸನ್ ಟು ಮುಲುಂಡ್:

ಡೊಂಬಿವಲಿಯವರ ಮಾತಿಗೆ ನಗು ಬಂತು, ಆದರೆ ಪೂರ್ತಿ ಸುಳ್ಳೂ ಅಲ್ಲ. ನಾನು ಹನ್ನೊಂದು ವರ್ಷ ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೆ. ಶನಿವಾರ ಬೆಳಿಗ್ಗೆ ಗರಾಜ್ ಸೇಲ್ ಸುತ್ತುವುದು ನನ್ನ ಚಟ. ನಿಮ್ಮ ಟ್ರಂಕಿನ ಅಣ್ಣತಮ್ಮಂದಿರು ಬೀದಿಗೆರಡು ಮನೆಯ ಮುಂದೆ ಬಿಸಿಲು ಕಾಯಿಸ್ತಾ ಕೂತಿರುತ್ತಿದ್ದರು. ಯಾರೂ ಬಗ್ಗಿ ನೋಡುತ್ತಿರಲಿಲ್ಲ. ನಾನೊಬ್ಬ ನೋಡಿದೆ, ಅದರ ಕಥೆ ಆಮೇಲೆ.

ನಿಮ್ಮ ಮಗ ಓದಿದ್ದು ಹಳೇ ಬೇಸ್‌ಬಾಲ್ ಆಟಗಾರ ಮಿಕಿ ಮ್ಯಾಂಟಲ್‌ನ ಕಾರ್ಡಿನ ಸುದ್ದಿ. 2022ರ ಆಗಸ್ಟಿನಲ್ಲಿ 1.26 ಕೋಟಿ ಡಾಲರಿಗೆ ಹೋಯಿತು, ರೂಪಾಯಿಯಲ್ಲಿ ಸುಮಾರು ನೂರು ಕೋಟಿ. ಆದರೆ ಅದು 1952ರ ಕಾರ್ಡು. ಆ ವರ್ಷ ಟಾಪ್ಸ್ ಕಂಪೆನಿ 407 ಕಾರ್ಡಿನ ಸೆಟ್ ಮಾಡಿತ್ತು. 311ರಿಂದ ಆಚೆಯವು ಅಂಗಡಿಗೆ ಬಂದದ್ದು ಸೀಸನ್ ಮುಗಿಯುವ ಹೊತ್ತಿಗೆ. ಮ್ಯಾಂಟಲ್‌ನದು ಸರಿಯಾಗಿ 311. ಹುಡುಗರು ಕೊಳ್ಳಲಿಲ್ಲ, ಡಬ್ಬಗಳು ಗೋಡೌನಿನಲ್ಲಿ ಬಿದ್ದವು. 1960ರಲ್ಲಿ ಕಂಪೆನಿಯ ಸೈ ಬರ್ಗರ್ ಅವನ್ನೆಲ್ಲ ಕಸದ ದೋಣಿಗೆ ಹೇರಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದರು. ಮನೆ ಸೇರಿದವನ್ನು ಹುಡುಗರು ಸೈಕಲ್ ಚಕ್ರಕ್ಕೆ ಸಿಕ್ಕಿಸಿ ಟರ್‍ರ್ ಅನ್ನಿಸಿದರು, ಇನ್ನುಳಿದವನ್ನು ಅವರ ಅಮ್ಮಂದಿರು ಕಸಕ್ಕೆ ಹಾಕಿದರು. ಚೊಕ್ಕವಾಗಿ ಉಳಿದದ್ದು ಬೆರಳೆಣಿಕೆ.

ಆ ಹುಡುಗರು ದೊಡ್ಡವರಾಗಿ, 80ರ ದಶಕದಲ್ಲಿ ಹಳೇ ಕಾರ್ಡಿನ ರೇಟು ನೋಡಿ ಎದೆ ಎದೆ ಬಡಿದುಕೊಂಡರು. ತಮ್ಮ ಮಕ್ಕಳಿಗೆ, ‘ಮುಟ್ಟಬೇಡ, ಎತ್ತಿಡು’ ಅಂದರು. ನಿಮ್ಮ ಚಿಕ್ಕಪ್ಪನಿಗೆ ಬಂದರಿನಲ್ಲಿ ಸಿಕ್ಕಿದ್ದು ಅಂಥವನೇ ಒಬ್ಬ. ಕಂಪೆನಿಗಳೂ ಸುಮ್ಮನೆ ಕೂರಲಿಲ್ಲ. ಅಲ್ಲಿಯವರೆಗೆ ಟಾಪ್ಸ್ ಒಂದರದ್ದೇ ರಾಜ್ಯ. 1980ರ ಕೋರ್ಟ್ ತೀರ್ಪಿನ ಮೇಲೆ 1981ರಲ್ಲಿ ಫ್ಲೀರ್, ಡಾನ್‌ರಸ್ ಬಂದವು, 1988ರಲ್ಲಿ ಸ್ಕೋರ್, 1989ರಲ್ಲಿ ಅಪ್ಪರ್ ಡೆಕ್. ಐದೂ ಕಂಪೆನಿ ಹಗಲು ರಾತ್ರಿ ಅಚ್ಚು ಹಾಕಿದವು. ಕೊಂಡವರೆಲ್ಲ ಎತ್ತಿಟ್ಟರು. ಮೇ ತಿಂಗಳಲ್ಲಿ ನಮ್ಮೂರ ಕಡೆ ಹಲಸು ಇದ್ದ ಹಾಗೆ ಮಾರಾಯ್ರೆ, ಎಲ್ಲರ ಹಿತ್ತಲಲ್ಲೂ ಕೊಳೆಯುವಷ್ಟು ಇರುವಾಗ ಯಾರಿಗೆ ಅಂತ ಮಾರುವುದು? ಸಂಗ್ರಾಹಕರು ಆ ಕಾಲದ ಮಾಲಿಗೆ ಜಂಕ್ ವ್ಯಾಕ್ಸ್ ಅಂತಲೇ ಹೆಸರಿಟ್ಟಿದ್ದಾರೆ. ವ್ಯಾಕ್ಸ್ ಅಂದರೆ ಪ್ಯಾಕಿನ ಮೇಣದ ಕಾಗದ.

ನೀವು ಹೇಳಿದ ಗುರುತಿನಿಂದಲೇ ವರ್ಷ ಗೊತ್ತಾಗುತ್ತದೆ. ಮರದ ಅಂಚು 1987ರ ಟಾಪ್ಸ್. ತಲೆ ಅಕ್ಷರ ಮುಚ್ಚುವುದು 1988ರ ಟಾಪ್ಸ್. ನೀಲಿ-ಕಪ್ಪು 1988ರ ಡಾನ್‌ರಸ್. ಟಾಪ್ಸ್ ಹಾಳೆಯೊಂದರಲ್ಲಿ 132 ಕಾರ್ಡು, ಅಂಥ ಆರು ಹಾಳೆ ಸೇರಿ 792ರ ಸೆಟ್. ನಿಮ್ಮ ಚಿಕ್ಕಪ್ಪನ 14.40 ಡಾಲರಿನ ಡಬ್ಬದಲ್ಲಿ ಪ್ಯಾಕಿಗೆ 15ರಂತೆ 540 ಕಾರ್ಡು, ಸೆಟ್ಟೂ ಪೂರ್ತಿ ಆಗುವುದಿಲ್ಲ. ಇವತ್ತು ಸೀಲು ಒಡೆಯದ ಪೂರ್ತಿ 792ರ ಸೆಟ್ಟೇ ಹದಿನೈದು-ಇಪ್ಪತ್ತು ಡಾಲರಿಗೆ ಸಿಗುತ್ತದೆ. ಮುಂಬೈಯಿಂದ ಕಳಿಸುವ ಅಂಚೆ ಖರ್ಚೇ ಅದಕ್ಕಿಂತ ಜಾಸ್ತಿ.

ಮುಖದ ತುಂಡುಗಳು ಡಾನ್‌ರಸ್‌ನವು. ಕೋರ್ಟಿನಲ್ಲಿ ಆಮೇಲೆ ಟಾಪ್ಸ್ ಅಪೀಲು ಗೆದ್ದಿತು: ಬಬಲ್ ಗಮ್ ಜೊತೆ ಕಾರ್ಡು ಮಾರುವ ಹಕ್ಕು ತನಗೊಬ್ಬನಿಗೇ ಅಂತ. ಹಾಗಾಗಿ ಡಾನ್‌ರಸ್‌ನವರು ಗಮ್ ಬದಲು ಪಝಲ್ ತುಂಡು ಹಾಕಿದರು, ಫ್ಲೀರ್‌ನವರು ಸ್ಟಿಕರ್. 1988ರದ್ದಾದರೆ ಆ ಮುಖ ಸೇಂಟ್ ಲೂಯಿಸ್‌ನ ಸ್ಟ್ಯಾನ್ ಮ್ಯೂಸಿಯಲ್‌ನದು. ಒಟ್ಟು 63 ತುಂಡು, ಕಾರ್ಡಿಗೆ ಮೂರರಂತೆ. ಬೆಲೆ ಸೊನ್ನೆ, ಆದರೆ ಜೋಡಿಸಲಿಕ್ಕೆ ಮಜಾ ಇದೆ.

ಇಷ್ಟು ಹೇಳಿದ ಮೇಲೂ ರದ್ದಿಗೆ ಹಾಕಿ ಅನ್ನುವುದಿಲ್ಲ, ಯಾಕೆಂದರೆ ಹುಡುಕಬೇಕಾದ ಕೆಲವು ಇವೆ. 1990ರ ಟಾಪ್ಸ್ ಇದ್ದರೆ 414ನೇ ನಂಬರು ತೆಗೆಯಿರಿ, ಫ್ರ್ಯಾಂಕ್ ಥಾಮಸ್. ಮುಂಬದಿಯಲ್ಲಿ ಹೆಸರೇ ಅಚ್ಚಾಗದ ಕೆಲವು ಹೊರಬಿದ್ದಿವೆ, ಅಂಥದ್ದು ಸಿಕ್ಕರೆ ಬೆಲೆ ಸಾವಿರಾರು ಡಾಲರಿನಲ್ಲಿ. ಹೆಸರು ಇದ್ದರೆ ಮಗನಿಗೆ ಬುಕ್‌ಮಾರ್ಕ್. 1989ರ ಫ್ಲೀರ್ ಇದ್ದರೆ 616, ಬಿಲ್ಲಿ ರಿಪ್‌ಕೆನ್. ಬ್ಯಾಟಿನ ಹಿಡಿಕೆಯ ಬುಡವನ್ನು ಭೂತಗನ್ನಡಿಯಲ್ಲಿ ನೋಡಿ, ಅಲ್ಲಿ ಒಂದು ಕೊಳಕು ಬೈಗುಳ ಬರೆದಿದೆ. ಅಭ್ಯಾಸದ ಬ್ಯಾಟ್ ಗುರುತು ಸಿಗಲಿ ಅಂತ ತಾನೇ ಬರೆದದ್ದು ಅಂತ ಆ ಮಹಾಶಯ 2008ರಲ್ಲಿ ಒಪ್ಪಿಕೊಂಡ. ಕಂಪೆನಿ ಗಾಬರಿಬಿದ್ದು ಒಮ್ಮೆ ಬಿಳಿ ಬಳಿಯಿತು, ಒಮ್ಮೆ ಕಪ್ಪು ಗೀಚಿತು, ಕೊನೆಗೆ ಕಪ್ಪು ಚೌಕ ಕೂರಿಸಿತು. ಬಿಳಿ ಬಳಿದದ್ದೇ ಅಪರೂಪ.

ಟಾಪ್ಸ್‌ನಲ್ಲಿ ಹಿಂಬದಿಯ ರಟ್ಟನ್ನೂ ನೋಡಿ. ಸಾಮಾನ್ಯ ಕಾರ್ಡಿನ ಹಿಂಬದಿ ಮಂಕು, ಬೂದು. ಟಿಫನಿ ಅಂತ ಕಮ್ಮಿ ಸಂಖ್ಯೆಯಲ್ಲಿ ಬಂದ ಸೆಟ್‌ನದು ಅಚ್ಚ ಬಿಳಿ, ಮುಂಬದಿ ಪಳಪಳ. ಟಿಫನಿ ಪ್ಯಾಕಿನಲ್ಲಿ ಬರುತ್ತಿರಲಿಲ್ಲ, ಪೂರ್ತಿ ಸೆಟ್ಟಾಗಿಯೇ ಮಾರುತ್ತಿದ್ದರು. ಹಾಗಾಗಿ ನಿಮ್ಮಲ್ಲಿ ಇರುವ ಆಸೆ ಕಮ್ಮಿ.

ಇನ್ನು ಆ ಕೆಂಪು ಪೆನ್ನಿನ ಗ್ರಿಫಿ. ಅದು 1989ರ ಅಪ್ಪರ್ ಡೆಕ್‌ನ 1ನೇ ನಂಬರು, ಕೆನ್ ಗ್ರಿಫಿ ಜೂನಿಯರ್. ಟ್ರಂಕಿನಲ್ಲಿ ನಿಜವಾಗಿ ಹೆಸರು ಮಾಡಿದ್ದು ಅದೊಂದೇ. ಚಿತ್ರ ತೆಗೆದಾಗ ಹುಡುಗ ಇನ್ನೂ ಸ್ಯಾನ್ ಬರ್ನಾರ್ಡಿನೋದ ಕೆಳಹಂತದ ಲೀಗ್ ತಂಡದಲ್ಲಿದ್ದ, ತಲೆಯ ಮೇಲಿನ ಟೊಪ್ಪಿಗೆ ಬಣ್ಣ ಬಳಿದು ದೊಡ್ಡ ಲೀಗಿನ ಸಿಯಾಟಲ್ ಮ್ಯಾರಿನರ್ಸ್‌ನದು ಮಾಡಿದರು. ಹಿಂಬದಿಯಲ್ಲಿ ಪುಟ್ಟ ಹೊಲೊಗ್ರಾಮ್ ಇರಬೇಕು. ಇಲ್ಲದಿದ್ದರೆ ನಕಲಿ ಇರಬಹುದು. ಒಂದನೇ ನಂಬರಾದ್ದರಿಂದ ಅಚ್ಚಿನ ಹಾಳೆಯ ಮೂಲೆಯಲ್ಲಿತ್ತು, ಕಾರ್ಖಾನೆಯಲ್ಲೇ ಮೂಲೆ ಜಜ್ಜಿದವು ಬಹಳ. ಚೊಕ್ಕ ಇದ್ದರೆ ಐವತ್ತು ಡಾಲರಿನ ಆಸುಪಾಸು.

ಗ್ರೇಡಿಂಗ್‌ಗೆ ಕಳಿಸಿ ಅಂತ ಯಾರಾದರೂ ಹೇಳಿದರೆ ಎರಡು ಸಲ ಯೋಚಿಸಿ. ಪಿಎಸ್‌ಎ ಅನ್ನುವ ಕಂಪೆನಿ 1991ರಿಂದ ಕಾರ್ಡು ನೋಡಿ 1ರಿಂದ 10ರವರೆಗೆ ಅಂಕ ಕೊಟ್ಟು ಪ್ಲಾಸ್ಟಿಕ್ಕಿನಲ್ಲಿ ಸೀಲ್ ಮಾಡುತ್ತದೆ. ಫೀ ಕಾರ್ಡಿಗೆ ಇಪ್ಪತ್ತು ಡಾಲರು, ಅದಕ್ಕೂ ಮೇಲೆ. ಹೋಗಿಬರುವ ಖರ್ಚು, ಕಸ್ಟಮ್ಸ್ ಬೇರೆ. ಗ್ರಿಫಿಗೆ 10 ಬಂದರೆ ಜಾಕ್‌ಪಾಟ್. ಆದರೆ 10 ಬಂದ ಗ್ರಿಫಿಗಳೇ ನಾಲ್ಕು ಸಾವಿರಕ್ಕೂ ಹೆಚ್ಚಿವೆ. 9 ಬಂದರೆ ನೆಂಟರಿಗೆ ತೋರಿಸಬಹುದು. ಜಂಕ್ ವ್ಯಾಕ್ಸ್‌ನ ಬೇರೆ ಕಾರ್ಡಿಗೆ 9 ಬಂದರೆ ಫೀ ಕೂಡ ವಾಪಸಾಗುವುದಿಲ್ಲ.

ನನ್ನ ಕಥೆ ಕೇಳಿ. ಗರಾಜ್ ಸೇಲಿನಲ್ಲಿ ಇಪ್ಪತ್ತು ಡಾಲರ್ ಕೊಟ್ಟು 1991ರ ಸ್ಟೇಡಿಯಂ ಕ್ಲಬ್ ಎರಡು ಡಬ್ಬ ತಂದೆ, ಥಳಥಳ ಹೊಳೆಯುವ ಕಾರ್ಡು. ಊರಿಗೆ ವಾಪಸಾಗುವಾಗ ಬಟ್ಟೆ ಬಿಟ್ಟು ಅದನ್ನೇ ಬ್ಯಾಗಿಗೆ ತುಂಬಿದೆ. ಮುಲುಂಡಿನ ಮನೆಯಲ್ಲಿ ಪಶ್ಚಿಮದ ಗೋಡೆಗೆ ತಾಗಿದ ಕಪಾಟಿನಲ್ಲಿ ಇಟ್ಟು ಮರೆತೆ. ಎರಡು ಮಳೆಗಾಲ ಕಳೆದು ತೆಗೆದರೆ ಇಟ್ಟಿಗೆ! ಅಕ್ಷರಶಃ ಇಟ್ಟಿಗೆ, ಐವತ್ತು ಕಾರ್ಡು ಒಂದಕ್ಕೊಂದು ಅಂಟಿ ಗಟ್ಟಿ. ಬಿಡಿಸಲಿಕ್ಕೆ ಹೋದರೆ ಒಬ್ಬನ ಮುಖ ಇನ್ನೊಬ್ಬನ ಬೆನ್ನಿಗೆ ಬಂತು. ಹೆಂಡತಿ ಈಗಲೂ ಅದನ್ನು ಬಾಗಿಲು ಬಡಿಯದ ಹಾಗೆ ಅಡ್ಡ ಇಡುತ್ತಾಳೆ. ನಿಮ್ಮ ಅಪ್ಪರ್ ಡೆಕ್ ಕಟ್ಟಿಗೂ ಹಾಗೇ ಆಗಿರಬಹುದು, ಬಲ ಹಾಕಬೇಡಿ.

ಜೂನಾ ಬಜಾರ್ ಜವಾರಿ:

ಅಕ್ಕಾರ, ಮುಲುಂಡ ಅಣ್ಣಾರು ಹೇಳಿದ್ದೆಲ್ಲಾ ಖರೇ ಐತಿ. ನಾ ಪುಣೆಕ ಬಂದು ಇಪ್ಪತ್ತು ವರ್ಷಾತು, ಬುಧವಾರ ರವಿವಾರ ಜೂನಾ ಬಜಾರ ತಪ್ಪಸಂಗಿಲ್ಲ. ನಾಣ್ಯ, ಬೆಂಕಿಪೆಟ್ಟಿಗಿ ಲೇಬಲ್ಲು, ಹಳೇ ಗಡಿಯಾರ, ಎಲ್ಲಾದಕ್ಕೂ ಗಿರಾಕಿ ಅದಾರ. ಬೇಸ್‌ಬಾಲ್ ಕಾರ್ಡಿಗೆ ಮಾತ್ರ ಒಬ್ಬನೂ ಇಲ್ಲ. ಒಮ್ಮಿ ಒಬ್ಬಾಂವ ಚಾದರದ ಮ್ಯಾಲ ಹತ್ತು ಕಾರ್ಡು ಹಾಸ್ಕೊಂಡು ಕುಂತಿದ್ದ. ಮುರುಕಲು ಮೂಲಿದೊಂದಕ್ಕ ಐದು ಸಾವಿರ ಅಂದ. ‘ಯಾಕಪಾ?’ ಅಂದ್ರ ಮೊಬೈಲ್ ತಗದು ಅದ ನೂರು ಕೋಟಿ ಸುದ್ದಿ ತೋರ್ಸಿದ. ಮಳಿ ಬಂತು, ಚಾದರ ಸಮೇತ ಮಡಚಕೊಂಡು ಹ್ವಾದ.

ನೀವು ಈಬೇದಾಗ ರೇಟು ನೋಡಾಕತ್ತಿದ್ರ ಮಾರಾಕ ಇಟ್ಟ ರೇಟು ನೋಡಬ್ಯಾಡ್ರಿ. ಅದು ಕನಸಿನ ರೇಟು. ‘ಸೋಲ್ಡ್’ ಅಂತ ಒಂದು ಫಿಲ್ಟರ್ ಐತಿ, ಅದನ್ನ ಒತ್ತಿ, ಖರೇನ ರೊಕ್ಕ ಕೈ ಬದಲಾಗಿದ್ದು ಎಷ್ಟಕ್ಕ ಅನ್ನೋದು ನೋಡ್ರಿ. ಒಂದ ಕಾರ್ಡಿಗೆ ಒಬ್ಬ ಒಂಬತ್ತು ಸಾವಿರ ಡಾಲರ್ ಅಂತ ಬರದಿರ್ತಾನ, ಅದ ಕಾರ್ಡು ನಿನ್ನಿ ಎರಡು ಡಾಲರಿಗೆ ಹೋಗಿರ್ತೈತಿ.

ರಬ್ಬರ್ ಬ್ಯಾಂಡು ಎಳೀಬ್ಯಾಡ್ರಿ. ಎಳದ್ರ ಮ್ಯಾಲಿನ ಕಾರ್ಡಿನ ಬಣ್ಣ ಕಿತ್ತ ಬರ್ತೈತಿ. ಸಣ್ಣ ಕತ್ತರಿ ತಗೊಂಡು ಪಕ್ಕದಿಂದ ಕತ್ತರಸ್ರಿ, ಅಂಟಿದ್ದು ಅಂಟಿರ್ಲಿ. ಕಟ್ಟಿನ ಮ್ಯಾಲಿಂದು ಕೆಳಗಿಂದು ಎರಡು ಕಾರ್ಡು ಹ್ವಾದವು ಅಂತ ತಿಳ್ಕೋರಿ, ನಡುವಿನವು ಛಲೋ ಇರ್ತಾವ.

ಒಂದು ಹೊಟ್ಟಿಕಿಚ್ಚಿನ ಮಾತು. ನಾ ಸಾಲಿಗೆ ಹೋಗೋ ಮುಂದ ಬಿಗ್ ಫನ್ ಬಬಲ್ ಗಮ್ ಒಳಗ ಕ್ರಿಕೆಟ್ ಚಿತ್ರ ಬರ್ತಿದ್ದವು, ಹಿಂದ ರನ್ನು ವಿಕೆಟ್ಟು ಬರದಿರ್ತಿತ್ತು. ಡಬ್ಲ್ಯೂಡಬ್ಲ್ಯೂಎಫ್ ಟ್ರಂಪ್ ಕಾರ್ಡಂತೂ ಎದಿ ಇಂಚು ಬೈಸೆಪ್ಸ್ ಇಂಚು ಬಾಯಿಪಾಠ. ಎಲ್ಲಾ ಆಡಿ ಆಡಿ ಹರದು, ಉಳದದ್ದು ಪರೀಕ್ಷಾಕ ಮುಂಚೆ ನಮ್ಮವ್ವ ನೀರ ಕಾಸೋ ಒಲಿಗಿ ಹಾಕಿದ್ಲು. ಈಗ ಜೂನಾ ಬಜಾರದಾಗ ಅಂಥಾ ಪೂರಾ ಸೆಟ್ ಹುಡುಕಾಕತ್ತೀನಿ, ಸಿಗವಲ್ತು. ಸಿಕ್ರ ನಾ ಎಷ್ಟ ಕೇಳಿದ್ರೂ ಕೊಡ್ತೀನಿ. ನಿಮ್ಮ ಚಿಕ್ಕಪ್ಪಾರು ಬಾಲ್ಟಿಮೋರ್ ಬಿಟ್ಟು ಮಾಟುಂಗಾ ಗೂಡಂಗಡ್ಯಾಗ ಡಬ್ಬ ತಗೊಂಡಿದ್ರ ನಾ ಇವತ್ತ ರೈಲ್ ಹತ್ತತಿದ್ದೆ.

ವಾಸ್ಕೊ ತೀರ:

ಗೋವಾದಲ್ಲಿ ಹಡಗಿನ ಕೆಲಸದವರಿಗೆ ತಾರ್ವಟಿ ಅಂತಾರೆ. ನಮ್ಮ ಬೀದಿಯಲ್ಲಿ ಮೂರು ಮನೆ ತಾರ್ವಟಿಗಳದ್ದೇ, ಇಂಥ ಟ್ರಂಕು ನನಗೆ ಹೊಸತಲ್ಲ. ಒಂದೇ ಪ್ರಶ್ನೆ: 1991ರಲ್ಲಿ ನಿಮ್ಮ ಚಿಕ್ಕಪ್ಪನ ಹಡಗು ಗಲ್ಫ್ ಕಡೆ ಹೋಗಿತ್ತಾ? ಆ ವರ್ಷ ಟಾಪ್ಸ್‌ನವರು ಅಲ್ಲಿದ್ದ ಅಮೆರಿಕನ್ ಸೈನಿಕರಿಗೆ ಅಂತ ಮಾಮೂಲಿ ಕಾರ್ಡಿಗೇ ಮೇಲಿನ ಮೂಲೆಯಲ್ಲಿ ಚಿನ್ನದ ಬಣ್ಣದ ‘ಡೆಸರ್ಟ್ ಶೀಲ್ಡ್’ (ಅವರ ಸೇನಾ ಕಾರ್ಯಾಚರಣೆಯ ಹೆಸರು) ಮೊಹರು ಒತ್ತಿ ಕಳಿಸಿದ್ದರು. ಬಂದರಿನಲ್ಲಿ ಸಿಪಾಯಿಗಳು ಸಿಗರೇಟಿಗೆ ಬದಲಾಗಿ ಏನೇನೋ ಕೊಡುತ್ತಿದ್ದರು ಅಂತ ಹಳಬರು ಹೇಳುತ್ತಾರೆ. ಅಂಥದ್ದು ಚಿಪ್ಪರ್ ಜೋನ್ಸ್‌ನ 333 ಇದ್ದರೆ ಮುಲುಂಡಿನವರೂ ಕುರ್ಚಿ ಬಿಟ್ಟು ಏಳುತ್ತಾರೆ. ನಕಲಿ ಮೊಹರು ಒತ್ತುವವರು ಬೇಕಾದಷ್ಟಿದ್ದಾರೆ, ಆದರೆ ಮೂವತ್ತೈದು ವರ್ಷ ಮಾಳಾದಲ್ಲಿದ್ದ ಟ್ರಂಕಿಗೆ ನಕಲಿ ಹೇಗೆ ಹೊಕ್ಕೀತು!

ಮಾಟುಂಗಾದ ಮಗಳು:

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಎರಡು ರಾತ್ರಿ ಚಿಕ್ಕಮ್ಮನ ಹಾಲಿನಲ್ಲಿ ಚಾಪೆ ಹಾಕಿ ಟ್ಯೂಬ್‌ಲೈಟಿನಡಿ ಕೂತು ನೋಡಿದೆವು.

ವಾಸ್ಕೊದವರೇ, ಚಿನ್ನದ ಮೊಹರು ಒಂದೂ ಇಲ್ಲ. ಹಡಗು ಆ ವರ್ಷ ಗಲ್ಫ್‌ಗೆ ಹೋಗಲೇ ಇಲ್ಲವಂತೆ, ಯುದ್ಧ ಅಂತ ಚಿಕ್ಕಮ್ಮ ಗಣಪತಿಗೆ ಹರಕೆ ಹೊತ್ತದ್ದೇ ಅದಕ್ಕೆ! ಫ್ರ್ಯಾಂಕ್ ಥಾಮಸ್ ಎರಡು ಸಿಕ್ಕಿದರು, ಇಬ್ಬರಿಗೂ ದಪ್ಪಕ್ಷರದಲ್ಲಿ ಹೆಸರು ಉಂಟು. ಟಿಫನಿ ಇಲ್ಲ, ಎಲ್ಲ ಬೂದು.

ರಿಪ್‌ಕೆನ್ ಸಿಕ್ಕಿದ. ಮಗ ಭೂತಗನ್ನಡಿ ಹಿಡಿದು ಬ್ಯಾಟಿನ ಬುಡದ ಅಕ್ಷರಗಳನ್ನು ಒಂದೊಂದಾಗಿ ಜೋರಾಗಿ ಓದಿದ, ಚಿಕ್ಕಮ್ಮನ ಎದುರಿಗೇ. ‘ಹಾಗಂದ್ರೆ ಎಂತ ಮಗಾ?’ ಅಂತ ಕೇಳಿದರು. ಆಟಗಾರನ ಅಡ್ಡಹೆಸರು ಅಂದೆ. ಬಿಳಿ ಬಳಿದದ್ದಲ್ಲ, ಗೀಚಿದ್ದೂ ಅಲ್ಲ, ಚೌಕವೂ ಇಲ್ಲ, ಹಸಿ ಬೈಗುಳ. ‘ಸೋಲ್ಡ್’ ಒತ್ತಿ ನೋಡಿದೆ, ಹತ್ತು-ಹದಿನೈದು ಡಾಲರ್. ಮಗ ಕೊಡುವುದಿಲ್ಲ ಅಂತಿದ್ದಾನೆ, ಸ್ಕೂಲಿಗೆ ಒಯ್ಯಬಾರದು ಅಂತ ಆಣೆ ಹಾಕಿಸಿದ್ದೇನೆ.

ಗ್ರಿಫಿಯನ್ನು ಹುಡುಕಿ ಹುಡುಕಿ ಸಾಕಾಯಿತು. ಅಪ್ಪರ್ ಡೆಕ್ ಕಟ್ಟು ಮುಲುಂಡಿನವರು ಹೇಳಿದ ಹಾಗೆ ಒಂದು ಕಡೆ ಅಂಟಿಕೊಂಡಿತ್ತು, ಬಲ ಹಾಕಲಿಲ್ಲ, ಅಂಚು ನೋಡಿ ನೋಡಿ ಎಣಿಸಿದೆವು. 1ನೇ ನಂಬರು ಇಲ್ಲ. ರಾತ್ರಿ ಹನ್ನೊಂದಕ್ಕೆ ಚಿಕ್ಕಮ್ಮ, ‘ನೀವು ಹುಡುಕುವುದು ನೀಲಿ ಟೊಪ್ಪಿಯ ಹುಡುಗನನ್ನಾ?’ ಅಂದರು. ಒಳಗೆ ಹೋಗಿ ಗೋದ್ರೆಜ್ ಕಪಾಟಿನಿಂದ ಚಿಕ್ಕಪ್ಪನ ಸಿಡಿಸಿ ತಂದರು, ಹಡಗಿನವರ ಆ ಸರ್ವಿಸ್ ಪುಸ್ತಕ. ಕೊನೆಯ ಸೈನ್-ಆಫ್ ಸಿಕ್ಕಾ ಇರುವ ಪುಟದಲ್ಲಿ ಅವನು ನಗ್ತಾ ಕೂತಿದ್ದ. ‘ಅವರು ಹೋಗುವ ಮೊದಲಿನ ವರ್ಷ ಮಾಳಾದಿಂದ ಇಳಿಸಿ ಇಲ್ಲಿಟ್ಟರು. ನಾನು ಯಾರೋ ನೆಂಟರ ಹುಡುಗ ಮಾಡ್ಕೊಂಡಿದ್ದೆ.’ ಹೊಲೊಗ್ರಾಮ್ ಉಂಟು. ಎಡಗಡೆಯ ಕೆಳಗಿನ ಮೂಲೆ ಪುಸ್ತಕದ ಹೊಲಿಗೆಗೆ ಒತ್ತಿ ಮಡಚಿದೆ, ಬಿಳಿ ಗೆರೆ ಕಾಣುತ್ತದೆ. 10 ಅಂತೂ ಬರಲಿಕ್ಕಿಲ್ಲ. ಚಿಕ್ಕಮ್ಮ ಅದನ್ನು ಅದೇ ಪುಟದಲ್ಲಿ ಇಟ್ಟು ಕಪಾಟಿನ ಬೀಗ ಹಾಕಿದರು, ನಾನು ರೇಟಿನ ಮಾತೇ ಎತ್ತಲಿಲ್ಲ.

ಉಳಿದದ್ದರಲ್ಲಿ ಎರಡು ಕಟ್ಟು ಮಗನಿಗೆ, ಅಂಟಿದ ಇಟ್ಟಿಗೆ ಡೊಂಬಿವಲಿಯವರಿಗೆ ಬೇಕಾದರೆ ಕೊಡುತ್ತೇನೆ, ಬಾಗಿಲಿಗೆ ಆಗುತ್ತದಂತೆ. ಬಾಕಿಯದಕ್ಕೆ ರದ್ದಿಯವ ಗುರುವಾರ ಬರ್ತಾನೆ, ಕಿಲೋಗೆ ಒಂಬತ್ತಕ್ಕೆ ಏರಿಸಿದ್ದಾನೆ.

ಆ ಪಝಲ್ ಮಾತ್ರ ಚಿಕ್ಕಮ್ಮನ ಊಟದ ಮೇಜಿನ ಮೇಲೆ ಇದೆ. ಅವರೇ ಜೋಡಿಸಿದ್ದು, ಮಧ್ಯಾಹ್ನದ ಸೀರಿಯಲ್ ಬಿಟ್ಟು. ಮ್ಯೂಸಿಯಲ್‌ನ ಟೊಪ್ಪಿ, ಮೂಗು, ಒಂದು ಭುಜ ಬಂದಿದೆ. ಎರಡು ಕಾರ್ಡು ಕಮ್ಮಿ, ಅಂದರೆ ಆರು ತುಂಡು. ಬಾಯಿ ಇಲ್ಲ. ಯಾರಲ್ಲಾದರೂ 1988ರ ಡಾನ್‌ರಸ್ ಇದ್ದು ಅದರಲ್ಲಿ ಗಲ್ಲದ ತುಂಡು ಸಿಕ್ಕರೆ ಇಲ್ಲೇ ಬರೆಯಿರಿ. ಬದಲಿಗೆ ಮರದ ಅಂಚಿನವು ಎಷ್ಟು ಬೇಕಾದರೂ ಕೊಡುತ್ತೇವೆ, ಆದರೆ ಗುರುವಾರದ ಮೊದಲು ಹೇಳಬೇಕು.